ಪರವಾಗಿಲ್ಲ, ನೀವೇ ನೋಡಿ

ನಮ್ಮೂರ ಪಾರ್ಕಿನಲ್ಲಿ ದಿನಾ ಸಂಜೆ ಐದಕ್ಕೆ ಮೆರವಣಿಗೆ ಹೊರಡುತ್ತದೆ. ಅದು ಕಾಣಬೇಕಾದರೆ ನೀವು ನಿಂತಿರುವ ಜಾಗವನ್ನು ಇನ್ನೊಬ್ಬರು ನಿಮಗೆ ಬಿಟ್ಟುಕೊಟ್ಟಿರಬೇಕು. ಮಧ್ಯಾಹ್ನ ಎರಡಕ್ಕೇ ಬಂದು, ಹಗ್ಗದ ಪಕ್ಕ ಚಾಪೆ ಹಾಸಿ, ಬುತ್ತಿ ಬಿಚ್ಚಿ, ಮೊಣಕೈ ಅಗಲಿಸಿ ಕೂತರೂ ನಿಮಗೆ ಕಾಣುವುದು ಖಾಲಿ ರಸ್ತೆ, ಮತ್ತೆ ಅದರಾಚೆ ನಿಮ್ಮ ಹಾಗೇ ಕೂತಿರುವ ಇನ್ನೊಬ್ಬ ಜಾಣನ ಮುಖ. ತಮಟೆ ಸದ್ದೂ ಕೇಳಿಸುವುದಿಲ್ಲ. ಪಕ್ಕದಲ್ಲಿ ನಿಂತವರು ಬಾಯಿ ಬಿಟ್ಟುಕೊಂಡು ನೋಡುತ್ತಿರುತ್ತಾರೆ, ನೀವು ಅವರ ಬಾಯಿ ನೋಡಿಕೊಂಡು ಮನೆಗೆ ಹೋಗಬೇಕು.

ಪರವೂರಿನವರು ಹೀಗೆ ಒಂದು ಸಂಜೆ ಖಾಲಿ ರಸ್ತೆ ನೋಡಿ, ಮರುದಿನ ಬೆಳಿಗ್ಗೆ ನೆಟ್ಟಗೆ ನನ್ನ ಅಂಗಡಿಗೆ ಬರುತ್ತಾರೆ. ನನ್ನದು ಕನ್ನಡಕದ ಅಂಗಡಿ. ನಾನು ಅವರನ್ನು ಕೂರಿಸಿ ಗೋಡೆಯ ಮೇಲಿನ ಅಕ್ಷರ ಓದಿಸುತ್ತೇನೆ, ಟಾರ್ಚು ಬಿಟ್ಟು ನೋಡುತ್ತೇನೆ, ಆಮೇಲೆ ಹೇಳುತ್ತೇನೆ: "ಕಣ್ಣು ಚೆನ್ನಾಗಿದೆ ಸ್ವಾಮಿ. ಇವತ್ತು ಹಗ್ಗದ ಹತ್ರ ಹೋಗ್ಬೇಡಿ. ಹಿಂದೆ ನಿಂತ್ಕೊಳಿ, ಯಾರಾದ್ರೂ ಕರೀತಾರೆ." ಕೆಲವರು ಆದರೂ ಕನ್ನಡಕ ಕೊಳ್ಳುತ್ತಾರೆ. ಕೊಟ್ಟಿದ್ದೇನೆ, ವ್ಯಾಪಾರ ವ್ಯಾಪಾರವೇ.

ಊರವರು ಇದಕ್ಕೆ ಯಾವಾಗಲೋ ಒಗ್ಗಿಕೊಂಡಿದ್ದಾರೆ. ಕೇಳಿ ಪಡೆದ ಜಾಗದಿಂದ ಏನೂ ಕಾಣುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು, ಹಾಗಾಗಿ ಯಾರೂ ಕೇಳುವುದಿಲ್ಲ. ಮನೆಯವರು ಕೊಟ್ಟ ಜಾಗವೂ ನಡೆಯುವುದಿಲ್ಲ, ಹಾಗಾಗಿ ಗಂಡ ಹೆಂಡಿರು ಪಾರ್ಕಿನ ಗೇಟು ದಾಟಿದ ಕೂಡಲೇ ಗುರುತಿಲ್ಲದವರಂತೆ ಬೇರೆ ಬೇರೆ ದಿಕ್ಕಿಗೆ ಹೋಗುತ್ತಾರೆ; ಕೆಲವು ಮನೆಗಳ ಶಾಂತಿಗೆ ಇದೇ ಕಾರಣ ಎಂದು ನನ್ನ ಅನುಮಾನ. ನೀನು ನನಗೆ ಕೊಡು, ನಾನು ನಿನಗೆ ಕೊಡುತ್ತೇನೆ ಎಂದು ಮೊದಲೇ ಮಾತಾಡಿಕೊಂಡು ಬಂದವರಿಗೆ ಮೆರವಣಿಗೆ ಕಾಣುತ್ತದಂತೆ, ಆದರೆ ಬಣ್ಣವಿರುವುದಿಲ್ಲವಂತೆ. ಕಾಣುತ್ತದಂತೆ, ಇರುವುದಿಲ್ಲವಂತೆ ಎಂದೆನಲ್ಲ, ಅದೇ ಈ ಕಥೆ. ಇಪ್ಪತ್ತಾರು ವರ್ಷ ಈ ಊರಲ್ಲಿದ್ದೂ ನಾನು ಒಂದು ದಿನವೂ ಮೆರವಣಿಗೆ ನೋಡಿರಲಿಲ್ಲ.

ನನ್ನ ಹೆಸರು ಅಚ್ಯುತರಾಯ. ಊರಿನವರು ಬೆನ್ನ ಹಿಂದೆ ಕರೆಯುವುದು ಪರವಾಗಿಲ್ಲಪ್ಪ ಎಂದು. ಊರಿಗೆ ಬಂದ ಮೊದಲ ಸಂಜೆ ನಾನು ಹಗ್ಗದ ಪಕ್ಕ ನಿಂತಿದ್ದಾಗ, ಹಿಂದೆ ಒಬ್ಬ ತುಂಬು ಬಸುರಿ ಕಾಲು ಬದಲಿಸುತ್ತಾ ನಿಂತಿದ್ದಳು. ಪದ್ಧತಿ ಗಿದ್ಧತಿ ಏನೂ ಗೊತ್ತಿಲ್ಲದೆ, "ಬನ್ನಿ ತಾಯಿ, ನೀವೇ ನೋಡಿ" ಎಂದು ಹಿಂದೆ ಸರಿದೆ. ಸುತ್ತ ನಿಂತವರೆಲ್ಲ ನನ್ನನ್ನು ಹೊಗಳಿದರು. ಅವರಲ್ಲೊಬ್ಬರು ತಕ್ಷಣ ನನಗೆ ತಮ್ಮ ಜಾಗ ಕೊಡಲು ಬಂದರು. ಹೊಗಳಿಸಿಕೊಂಡ ಬಿಸಿಯಲ್ಲಿ ನಾನು, "ಪರವಾಗಿಲ್ಲ, ನೀವೇ ನೋಡಿ" ಎಂದೆ. ಇನ್ನೂ ಹೊಗಳಿದರು. ಆ ರುಚಿ ಹತ್ತಿತು ನೋಡಿ, ಅಲ್ಲಿಂದ ಬಿಡಲಿಲ್ಲ.

ವರ್ಷ ಕಳೆದಂತೆ ನಾನು ಇದರಲ್ಲಿ ಪಳಗಿದೆ. ಕೈಯನ್ನು ಎಷ್ಟು ಚಾಚಬೇಕು, ತಲೆ ಎಷ್ಟು ಬಾಗಿಸಬೇಕು, ಮಕ್ಕಳಿಗೆ ಹೇಗೆ, ಮುದುಕರಿಗೆ ಹೇಗೆ, ನಾಚಿಕೆಯವರಿಗೆ ಹೇಗೆ, ಎಲ್ಲ. ಪಾರ್ಕಿನ ಗೇಟಿನಲ್ಲಿ ಕಾಲು ತುಳಿಯಬೇಡಿ, ಛತ್ರಿ ಮಡಚಿ, ಪೇಟ ಕಳಚಿ, ಮಗುವನ್ನು ಹೆಗಲಿಗೇರಿಸುವವರು ಮೂರನೇ ಸಾಲಿನಿಂದ ಹಿಂದೆ ನಿಲ್ಲಿ ಎಂದು ಬೋರ್ಡಿದೆಯಲ್ಲ, ಅದನ್ನು ಬರೆದುಕೊಟ್ಟವನು ನಾನು. ನನಗೆ ಯಾರು ಜಾಗ ಕೊಡಲು ಬಂದರೂ ಬೇಡವೆಂದೆ. ಎಂಟು ಹತ್ತು ವರ್ಷವಾಗುವ ಹೊತ್ತಿಗೆ ಕೊಡಲು ಬರುವುದನ್ನೇ ಬಿಟ್ಟರು. ರಾಯರು ಆ ಕಡೆ ಎಲ್ಲೋ ನಿಂತು ನೋಡಿಕೊಳ್ಳುತ್ತಾರೆ ಎಂದುಕೊಂಡರು, ನಾನೂ ಹಾಗೇ ನಂಬಿಸಿದೆ. ಜನರ ಮುಖ ಓದಿ ಮೆರವಣಿಗೆ ಎಲ್ಲಿಗೆ ಬಂತೆಂದು ಹೇಳುವುದು ಕಷ್ಟವಲ್ಲ. ತಲೆಗಳು ಎಡದಿಂದ ಬಲಕ್ಕೆ ತಿರುಗುತ್ತವೆ, ಒಮ್ಮೆಲೇ ನಕ್ಕರೆ ಕೋಡಂಗಿ ಬಂದ, ಕತ್ತೆತ್ತಿದರೆ ಎತ್ತರದ್ದೇನೋ ಬಂತು. ಅಷ್ಟರ ಮೇಲೆ ನಾನು ಇಪ್ಪತ್ತಾರು ವರ್ಷ, "ಇವತ್ತು ಕೋಡಂಗಿ ಭರ್ಜರಿಯಾಗಿದ್ದ" ಎಂದು ಹೇಳಿಕೊಂಡು ಬಂದೆ.

ನನ್ನ ಮಗಳು ಮಂದಾಕಿನಿಗೆ ಈಗ ಹತ್ತೊಂಬತ್ತು. ಅವಳಿಗೆ ಎಂಟು ವರ್ಷವಿದ್ದಾಗ ತಾಯಿ ಹೋದಳು, ಮನೆಯಲ್ಲಿ ನಾವಿಬ್ಬರೇ. ಮೆರವಣಿಗೆಯ ತಂಡದವರು ಆಗಾಗ ಊರ ಹುಡುಗ ಹುಡುಗಿಯರನ್ನು ಚೀಟಿ ಎತ್ತಿ ಮೂರು ದಿನದ ಮಟ್ಟಿಗೆ ಸೇರಿಸಿಕೊಳ್ಳುತ್ತಾರೆ, ಈ ಸಲ ಅವಳ ಹೆಸರು ಬಂತು. ಶುಕ್ರವಾರ, ಶನಿವಾರ, ಭಾನುವಾರ, ಮೂರು ಸಂಜೆ. ಒಬ್ಬರ ಹೆಸರು ಒಮ್ಮೆ ಬಂದರೆ ಮತ್ತೆ ಬರುವುದಿಲ್ಲ. ಯಾವ ವೇಷವೆಂದು ಮೊದಲೇ ಮನೆಯಲ್ಲಿ ಹೇಳಬಾರದು ಎಂಬುದು ಆ ತಂಡದ ಕಟ್ಟಳೆ, ಹಾಗಾಗಿ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ತಿಂಗಳಿಡೀ ಅಭ್ಯಾಸಕ್ಕೆ ಹೋಗಿ ಬಂದು ಸೊಂಟ ನೋವೆಂದು ಬಿಸಿನೀರು ಕಾಯಿಸಿಕೊಳ್ಳುತ್ತಿದ್ದಳು. ನಾಟ್ಯದ ವೇಷವೇ ಇರಬೇಕು, ನಾಟ್ಯ ಎಂದರೆ ಸುಮ್ಮನೆಯೇ ಎಂದು ನಾನು ಹೆಮ್ಮೆಪಟ್ಟುಕೊಂಡೆ.

ಶುಕ್ರವಾರ ಬೆಳಿಗ್ಗೆ ಹೊರಡುವಾಗ, "ಬರ್ತೀಯಲ್ಲಪ್ಪ?" ಎಂದಳು.

"ಬರದೆ ಇರ್ತೀನಾ?"

"ಬರೋದಲ್ಲ. ನೋಡ್ತೀಯಲ್ಲ?"

ಆ ಮಾತು ಎದೆಗೆ ತಾಗಿತು. ನೋಡುತ್ತೇನೆ ಎಂದೆ, ನೋಡಿಯೇ ತೀರುತ್ತೇನೆ ಎಂದು ಮನಸ್ಸಿನಲ್ಲೂ ಅಂದುಕೊಂಡೆ. ಆ ಸಂಜೆ ಹಸಿವಾದ ಬೆಕ್ಕಿನ ಹಾಗೆ ಸಾಲುಗಳ ಹಿಂದೆ ಸುಳಿದಾಡಿದೆ. ಗುರುತಿನವರೆಲ್ಲ ನನ್ನನ್ನು ಕಂಡು ನಮಸ್ಕಾರ ಮಾಡಿದರು, ಮತ್ತೆ ಮುಂದಕ್ಕೆ ತಿರುಗಿಕೊಂಡರು. ಒಬ್ಬರೂ ಕರೆಯಲಿಲ್ಲ. ಅವರ ತಪ್ಪೇನು, ಇಪ್ಪತ್ತಾರು ವರ್ಷ ಅವರಿಗೆ ಪಾಠ ಹೇಳಿದವನು ನಾನೇ. ಮಾಡಿದ್ದುಣ್ಣೋ ಮಹರಾಯ. ಕೊನೆಗೆ ಒಂದು ಕಡೆ ಎಲ್ಲರ ಮುಖ ಅರಳಿ, ಹಲ್ಲು ಕಾಣುವಂತೆ ನಕ್ಕು, ಚಪ್ಪಾಳೆ ತಟ್ಟಿದರು. ನನ್ನ ಮಗಳೇ ಇರಬೇಕೆಂದು ನಾನೂ ಖಾಲಿ ರಸ್ತೆಗೆ ಚಪ್ಪಾಳೆ ತಟ್ಟಿದೆ.

ಮನೆಯಲ್ಲಿ ಅವಳು ಚೊಂಬು ಹಿಡಿದು ಕಾಲು ತೊಳೆಯಲು ಹೊರಟವಳು ನಿಂತು ಕೇಳಿದಳು. "ನೋಡ್ದ್ಯಾ?"

"ನೋಡ್ದೆ ಕಣಮ್ಮ. ಏನು ಕಳೆ ಮುಖದಲ್ಲಿ. ಆ ನಗು ಇತ್ತಲ್ಲ, ನಿಮ್ಮಮ್ಮನೇ ಬಂದು ನಿಂತಂಗಿತ್ತು. ಊರಿಗೂರೇ ಚಪ್ಪಾಳೆ ಹೊಡೀತು."

ಅವಳು "ಹೂಂ" ಎಂದು ಬಚ್ಚಲಿಗೆ ಹೋದಳು. ಹುಡುಗಿ ನಾಚಿಕೊಂಡಳು ಎಂದುಕೊಂಡೆ.

ಶನಿವಾರ ನಾನು ಅಂಗಡಿಗೆ ಬೇಗ ಬೀಗ ಹಾಕಿ ಹೋದೆ. ಸುಮ್ಮನೆ ಎರಡನೇ ಸಾಲಿನ ಹಿಂದೆ, ಆಸೆ ಮುಖದಲ್ಲಿ ಕಾಣಲಿ ಎಂದು ಹಾಗೇ ಬಿಟ್ಟುಕೊಂಡು ನಿಂತೆ. ಐದು ಹೊಡೆಯಿತು. ಜನರ ತಲೆಗಳು ಎಡಕ್ಕೆ ತಿರುಗಿದವು. ಆಗ ಮುಂದೆ ನಿಂತಿದ್ದ ಲೀಲಾವತಿ ಟೀಚರು, ನನ್ನ ಮಗಳಿಗೆ ಒಂದರಿಂದ ಮೂರನೇ ಕ್ಲಾಸಿನವರೆಗೆ ಪಾಠ ಹೇಳಿದವರು, ಹಿಂದಕ್ಕೆ ತಿರುಗಿ ನನ್ನನ್ನು ಕಂಡರು. "ರಾಯರೆ, ಇವತ್ತು ಮಗಳಿದಾಳಲ್ಲ, ಇಲ್ಲಿ ಬನ್ನಿ, ಇಲ್ಲಿ ನಿಂತ್ಕೊಳಿ" ಎಂದು ಪೂರ್ತಿ ಹೊರಗೆ ಸರಿದರು. ಜಾಗ ನನ್ನೆದುರಿಗೆ ಬಾಗಿಲಿನ ಹಾಗೆ ತೆರೆದುಕೊಂಡಿತು. ನಾನು ಕೈ ಎಷ್ಟು ಬೇಕೋ ಅಷ್ಟು ಚಾಚಿ, ತಲೆ ಎಷ್ಟು ಬೇಕೋ ಅಷ್ಟು ಬಾಗಿಸಿ, "ಪರವಾಗಿಲ್ಲ, ನೀವೇ ನೋಡಿ" ಎಂದೆ.

ನಾನು ಹೇಳಿದ್ದಲ್ಲ, ನಾಲಿಗೆ ಹೇಳಿತು. ತಿದ್ದಿಕೊಳ್ಳಲು ಬಾಯಿ ತೆರೆಯುವಷ್ಟರಲ್ಲಿ ಟೀಚರು, "ನೀವು ಬಿಡಿ, ದೊಡ್ಡೋರು" ಎಂದು ಮೆಚ್ಚುಗೆಯಿಂದ ತಲೆಯಾಡಿಸಿ ತಮ್ಮ ಜಾಗಕ್ಕೆ ಹಿಂತಿರುಗಿದ್ದರು. ಈಗ ಏನಾದರೂ ಅಂದರೆ ಕೇಳಿದ ಹಾಗಾಗುತ್ತದೆ, ಕೇಳಿದರೆ ಏನೂ ಕಾಣುವುದಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾನು ಟೀಚರ ಜಡೆಯ ಹಿಂದೆ ನಿಂತು, ಅವರ ತಲೆ ನಿಧಾನವಾಗಿ ಎಡದಿಂದ ಬಲಕ್ಕೆ ತಿರುಗುವುದನ್ನು ನೋಡಿದೆ. ಅದರಲ್ಲಿ ಯಾವ ಗಳಿಗೆ ನನ್ನ ಮಗಳದ್ದೋ ತಿಳಿಯಲಿಲ್ಲ.

ಆ ದಿನ ಮನೆಯಲ್ಲಿ ಮಂದಾ ನನ್ನನ್ನು ಏನೂ ಕೇಳಲಿಲ್ಲ. ಉಪ್ಪಿಟ್ಟು ಬಡಿಸಿದಳು, ಇನ್ನೊಂದು ಚೂರು ಹಾಕಲಾ ಎಂದಳು, ಅಷ್ಟೆ. ಕೇಳಿದ್ದರೆ ಇನ್ನೊಂದು ಸುಳ್ಳು ಹೇಳಿ ಪಾರಾಗುತ್ತಿದ್ದೆ. ಕೇಳದೆ ಹೋದದ್ದಕ್ಕೆ ಏನು ಮಾಡಲಿ? ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆಯನ್ನು ನಾನು ಎಷ್ಟೋ ಜನರಿಗೆ ಅನ್ವಯಿಸಿ ನಕ್ಕಿದ್ದುಂಟು. ಆ ದಿನ ಉಪ್ಪಿಟ್ಟಿನ ತಟ್ಟೆ ಮುಂದೆ ಅದು ನನ್ನದೇ ಜಾತಕ ಎನಿಸಿತು.

ಈಗ ಕರಿಬಸಪ್ಪನ ವಿಷಯ ಹೇಳಬೇಕು. ಬಸ್ ಸ್ಟ್ಯಾಂಡಿನ ಪಕ್ಕ ಸ್ಟವ್ ರಿಪೇರಿ ಮಾಡುವ ಮನುಷ್ಯ. ಊರಿನಲ್ಲಿ ಅವನಷ್ಟು ಮೆರವಣಿಗೆ ನೋಡಿದವರು ಇನ್ನೊಬ್ಬರಿಲ್ಲ. ಐದಕ್ಕೆ ಒಂದು ನಿಮಿಷವಿರುವಾಗ ಬಂದು, ಯಾರದಾದರೂ ಬೆನ್ನ ಹಿಂದೆ ನಿಂತು, ಒಂದು ನಿಟ್ಟುಸಿರು ಬಿಡುತ್ತಾನೆ. ಸಾಲದಿದ್ದರೆ ಮಂಡಿ ಹಿಡಿದುಕೊಳ್ಳುತ್ತಾನೆ. ಪಾಪ ಅನಿಸಿ ಅವರು ಸರಿಯುತ್ತಾರೆ. ಇವನು ಒಂದು ಮಾತಿಲ್ಲದೆ ನುಗ್ಗಿ ನಿಲ್ಲುತ್ತಾನೆ. ನಿಟ್ಟುಸಿರು ಬಿಟ್ಟರೆ ಕೇಳಿದ ಹಾಗೆಯೇ ಅಲ್ಲವೇ ಎಂದು ಊರಿನಲ್ಲಿ ಒಮ್ಮೆ ದೊಡ್ಡ ಚರ್ಚೆಯಾಗಿತ್ತು. ಆದರೆ ಅವನಿಗೆ ಬಣ್ಣ ಸಮೇತ ಕಾಣುತ್ತಿದ್ದುದರಿಂದ ಚರ್ಚೆ ತಾನಾಗಿ ನಿಂತುಹೋಯಿತು. ನಾನೇ ಅವನಿಗೆ ನೂರಾರು ಸಲ ಜಾಗ ಬಿಟ್ಟಿದ್ದೇನೆ, ಪ್ರತಿ ಸಲವೂ ಮನಸ್ಸಿನಲ್ಲಿ ಒರಟ ಎಂದು ಬೈದಿದ್ದೇನೆ.

ಭಾನುವಾರ ಬೆಳಿಗ್ಗೆ ಅವನ ಅಂಗಡಿ ಮುಂದೆ ನಿಂತೆ. ಸ್ಟವ್ ಇಲ್ಲದೆ ಬಂದವನನ್ನು ಕಂಡು ಅವನು ಹುಬ್ಬೇರಿಸಿದ. ಯಾರಿಗೂ ಹೇಳದ ಮಾತನ್ನು ಅವನಿಗೆ ಹೇಳಿದೆ. "ನಾನು ಇಷ್ಟು ವರ್ಷದಲ್ಲಿ ಒಂದು ಸಲಾನೂ ನೋಡಿಲ್ಲ ಕರಿಬಸಪ್ಪ."

ಅವನು ಸ್ಟವ್‌ನ ಪಿನ್ನು ಕೆಳಗಿಟ್ಟ. "ಒಂದು ಸಲಾನೂ?"

"ಒಂದು ಸಲಾನೂ."

"ಮತ್ತೆ ಕೋಡಂಗಿ ಹಂಗಿದ್ದ ಹಿಂಗಿದ್ದ ಅಂತಿದ್ರಿ?"

"ಸುಳ್ಳು."

ಅವನು ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. ಒಳಗಿನಿಂದ ಸ್ಟೂಲು ತಂದು ಹಾಕಿ ಕೂರಿಸಿದ. "ರಾಯರೆ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬ್ಯಾಡಿ. ನಾನು ಜಾಗ ತಗಂಡ ಮ್ಯಾಲೆ ಕೊಟ್ಟೋರ ಮುಖ ನೋಡಿದೀರಾ ನೀವು? ಹಬ್ಬದ ಹೋಳಿಗೆ ತಿಂದಂಗಿರ್ತದೆ. ನೀವೂ ಅಂಗೇ ಇರ್ತಿದ್ರಿ, ನಾನೇ ಕಂಡಿದೀನಿ. ಆ ಹೋಳಿಗೆ ಇಪ್ಪತ್ತಾರು ವರ್ಸ ನೀವೊಬ್ರೇ ತಿಂದ್ರಿ. ಒಬ್ರಿಗಾದ್ರೂ ಒಂದು ಚೂರು ಕೊಟ್ರಾ?"

ಸಭ್ಯತೆಯ ಬೋರ್ಡು ಬರೆದವನಿಗೆ ಸ್ಟವ್ ರಿಪೇರಿಯವನು ಸಭ್ಯತೆ ಹೇಳಿಕೊಡುತ್ತಿದ್ದ, ಮತ್ತು ಅವನು ಹೇಳಿದ್ದು ಸರಿಯಾಗಿತ್ತು. ಆಮೇಲೆ ನನಗೆ ನಿಟ್ಟುಸಿರು ಬಿಡುವುದನ್ನು ಕಲಿಸಲು ಕೂತ. "ಮೂಗಿಂದ ಅಲ್ಲ, ಹೊಟ್ಟೆಯಿಂದ. ಗ್ಯಾಸು ಬಿಟ್ಟಂಗೆ ಬಿಡಿ, ನಿಧಾನಕ್ಕೆ." ನಾನು ಬಿಟ್ಟೆ. "ಇದು ಕ್ಷಮಿಸಿ ಅಂದಂಗಾಯ್ತು. ಇನ್ನೊಂದ್ಸಲ." ಹನ್ನೊಂದು ಗಂಟೆಯವರೆಗೆ ಬಿಟ್ಟೆ. ಸ್ಟವ್ ತಂದ ಇಬ್ಬರು ಹೆಂಗಸರು ನನ್ನ ಆರೋಗ್ಯ ವಿಚಾರಿಸಿದರು. ಕೊನೆಗೆ ಅವನು ಕೈಚೆಲ್ಲಿ, "ಸಂಜೆ ನಾನೂ ಪಕ್ಕಕ್ಕಿರ್ತೀನಿ ಬನ್ನಿ" ಎಂದ.

ಭಾನುವಾರವೆಂದು ಪಾರ್ಕಿನಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಕರಿಬಸಪ್ಪ ನನ್ನನ್ನು ಗುರುತಿನವರಿಲ್ಲದ ಕಡೆಗೆ ಕರೆದೊಯ್ದು, ಪರವೂರಿನಿಂದ ಬಂದ ಒಬ್ಬ ದಪ್ಪ ಹೆಂಗಸಿನ ಹಿಂದೆ ನಿಲ್ಲಿಸಿದ. ಯಾರೋ ಅವಳನ್ನು ಆಗಲೇ ಕರೆದು ಮುಂದೆ ನಿಲ್ಲಿಸಿದ್ದರು. ಕೈಯಲ್ಲಿ ಸ್ಟೀಲಿನ ಟಿಫಿನ್ ಕ್ಯಾರಿಯರ್ ಇತ್ತು. ನಾನು ಕಲಿತ ನಿಟ್ಟುಸಿರು ಬಿಟ್ಟೆ. ಅವಳು ತಿರುಗಿ ನೋಡಿ, ಸೆರಗು ಮೂಗಿಗೆ ಒತ್ತಿಕೊಂಡು ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು, ಅದು ಬಿಟ್ಟುಕೊಟ್ಟದ್ದಲ್ಲ, ತಪ್ಪಿಸಿಕೊಂಡದ್ದು. ಕರಿಬಸಪ್ಪ ಹಣೆ ಹಣೆ ಚಚ್ಚಿಕೊಂಡ. ಐದು ಹೊಡೆಯಿತು. ತಲೆಗಳು ಎಡಕ್ಕೆ ತಿರುಗಿದವು.

ನನ್ನ ಎದುರಿಗೆ ಖಾಲಿ ರಸ್ತೆ. ಅದರ ಮೇಲೆ ಎಲ್ಲೋ ನನ್ನ ಮಗಳು ಬರುತ್ತಿದ್ದಳು, ಇವತ್ತು ಬಂದರೆ ಮುಗಿಯಿತು, ಮತ್ತೆ ಬರುವುದಿಲ್ಲ. ಅದನ್ನು ನೆನೆದದ್ದೇ ತಡ, ಹೊಟ್ಟೆಯ ಯಾವ ತಳದಿಂದಲೋ ಒಂದು ಉಸಿರು ಎದ್ದು ಬಂತು. ಅದನ್ನು ನಾನು ಬಿಟ್ಟದ್ದಲ್ಲ, ಅದೇ ಹೋಯಿತು. ಟಿಫಿನ್ ಕ್ಯಾರಿಯರಿನ ಹೆಂಗಸು ತಿರುಗಿದಳು. ಈ ಸಲ ನನ್ನ ಮುಖ ನೋಡಿದಳು.

"ಅಯ್ಯೋ, ಬಾ ಅಜ್ಜ, ನೀನು ನೋಡು. ನಾನು ಹಿಂದ್ಕೆ ನಿಲ್ತೀನಿ" ಎಂದಳು.

ಅಜ್ಜ. ನನಗಿನ್ನೂ ಐವತ್ತೆಂಟು. ಆದರೆ ಅದಲ್ಲ ತೊಂದರೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ನನ್ನದು ಹುಟ್ಟಿನಿಂದ ಬಂದದ್ದೂ ಅಲ್ಲ, ನಾನೇ ಸಾಕಿಕೊಂಡದ್ದು, ಆದರೂ ಕೈ ತಾನಾಗಿ ಚಾಚಿತು, ತಲೆ ತಾನಾಗಿ ಬಾಗಿತು, ಬಾಯಿ ತೆರೆದು "ಪರವಾ" ಎಂದಿತು. ಆ ಕ್ಷಣಕ್ಕೆ ಕರಿಬಸಪ್ಪ ತನ್ನ ಚಪ್ಪಲಿಯ ಹಿಮ್ಮಡಿಯಿಂದ ನನ್ನ ಕಾಲ್ಬೆರಳನ್ನು ಮೆಟ್ಟಿ ತಿರುವಿದ. ಉಳಿದ ಮಾತು ಅಯ್ಯಮ್ಮಾ ಎಂದಾಯಿತು. "ಪಾಪ, ಕಾಲೂ ಸರಿಯಿಲ್ಲ" ಎಂದು ಆ ತಾಯಿ ನನ್ನ ರಟ್ಟೆ ಹಿಡಿದು ತನ್ನ ಜಾಗದಲ್ಲಿ ನಿಲ್ಲಿಸಿದಳು. ಕಾಲು ತುಳಿಯಬಾರದು ಎಂಬುದು ನನ್ನ ಬೋರ್ಡಿನ ಮೊದಲನೇ ಸಾಲು. ಇಪ್ಪತ್ತಾರು ವರ್ಷದಲ್ಲಿ ಆ ಪಾರ್ಕಿನಲ್ಲಿ ಯಾರೂ ಯಾರಿಗೂ ಅಷ್ಟು ದೊಡ್ಡ ಉಪಕಾರ ಮಾಡಿರಲಿಲ್ಲ.

ಮೊದಲು ಸದ್ದು ಬಂತು. ತಮಟೆ, ಕಹಳೆ, ಎಣ್ಣೆ ಕಾಣದ ಗಾಲಿಗಳ ಕಿರುಗುಟ್ಟುವಿಕೆ. ಆಮೇಲೆ ರಸ್ತೆ ತುಂಬಿತು. ನಿಜ ಹೇಳುತ್ತೇನೆ, ನಾನು ಊಹಿಸಿಕೊಂಡಷ್ಟು ಭರ್ಜರಿಯೇನಿಲ್ಲ. ಕೋಡಂಗಿಯ ಬಣ್ಣ ಬೆವರಿಗೆ ಇಳಿಯುತ್ತಿತ್ತು, ಜಿರಾಫೆಯ ಕತ್ತಿನಲ್ಲಿ ಗೋಣಿತಾಟು ಕಾಣುತ್ತಿತ್ತು. ಆದರೂ ನನ್ನ ಬಾಯಿ ಎಲ್ಲರ ಬಾಯಿಯಂತೆ ತೆರೆದುಕೊಂಡೇ ಇತ್ತು. ನಾನು ಮಗಳ ಮುಖ ಹುಡುಕಿದೆ. ಹಂಸದ ರಥದಲ್ಲಿ ನಿಂತ ಆರು ಹುಡುಗಿಯರಲ್ಲಿ ಅವಳಿಲ್ಲ. ಕೊಡೆ ತಿರುಗಿಸುವವರಲ್ಲಿ ಇಲ್ಲ, ಮರಗಾಲಿನವರಲ್ಲಿ ಇಲ್ಲ, ಕೋಲು ಹೊಯ್ಯುವವರಲ್ಲಿ ಇಲ್ಲ. ಒಬ್ಬೊಬ್ಬರೂ ದಾಟಿ ಹೋದಂತೆ ನನಗೆ ಗಾಬರಿ ಹತ್ತಿತು. ಕಾಣುವ ಜಾಗ ಸಿಕ್ಕಿತು, ಕಾಣಬೇಕಾದವಳೇ ಇಲ್ಲ.

ಕಟ್ಟಕಡೆಗೆ ಒಂದು ಆನೆ ಬಂತು. ಬೂದು ಬಟ್ಟೆಯ ಆನೆ, ಒಳಗೆ ಇಬ್ಬರು. ಮುಂಗಾಲಿನವನು ಸಿಪಾಯಿಯ ಹಾಗೆ ಧಡಧಡ ನಡೆಯುತ್ತಿದ್ದ. ಹಿಂಗಾಲುಗಳು, ಅದರಲ್ಲೂ ಎಡಗಾಲು, ಅರ್ಧ ಹೆಜ್ಜೆ ಹಿಂದೆ ಬೀಳುತ್ತಿದ್ದವು, ಹಿಂದೆ ಬಿದ್ದದ್ದು ತಿಳಿದು ಒಂದು ಪುಟ್ಟ ಕುಪ್ಪಳಿಕೆ ಹಾಕಿ ಸೇರಿಕೊಳ್ಳುತ್ತಿದ್ದವು. ಆಗೆಲ್ಲ ಆನೆಯ ಹಿಂಭಾಗ ಒಮ್ಮೆ ಮೇಲೆದ್ದು ಬೀಳುತ್ತಿತ್ತು, ಜನ ಹಲ್ಲು ಕಾಣುವಂತೆ ನಕ್ಕು ಚಪ್ಪಾಳೆ ತಟ್ಟುತ್ತಿದ್ದರು. ನಾನು ನಗಲಿಲ್ಲ. ಆ ಕುಪ್ಪಳಿಕೆ ನನಗೆ ಗೊತ್ತು. ಮೂರು ವರ್ಷದ ಮಗುವಿದ್ದಾಗಿನಿಂದ ನನ್ನ ಕೈ ಹಿಡಿದು ನಡೆಯುವಾಗ, ನನ್ನ ಹೆಜ್ಜೆಗೆ ಹಿಂದೆ ಬಿದ್ದು, ಹಾಗೆ ಹಾರಿ ಸೇರಿಕೊಳ್ಳುತ್ತಿದ್ದಳು. ಈಗಲೂ ಸಂತೆಗೆ ಹೋದರೆ ಹಾಗೇ.

ಬೂದು ಬಟ್ಟೆಯ ಒಳಗೆ ಬಗ್ಗಿ, ಇನ್ನೊಬ್ಬನ ಸೊಂಟ ಹಿಡಿದು, ಏನೂ ಕಾಣದೆ ನನ್ನ ಮಗಳು ನನ್ನೆದುರಿಗೆ ದಾಟಿ ಹೋದಳು. ಮುಖದಲ್ಲಿ ಏನು ಕಳೆ ಎಂದಿದ್ದೆ. ಆ ನಗು ಎಂದಿದ್ದೆ. ನಿಮ್ಮಮ್ಮನೇ ಬಂದು ನಿಂತಂಗಿತ್ತು ಎಂದಿದ್ದೆ. ನೆಲ ಬಾಯಿ ಬಿಡಬಾರದೇ ಎನಿಸಿತು. ಅವಳು ಚೊಂಬು ಹಿಡಿದು ಅದನ್ನೆಲ್ಲ ಕೇಳಿ, ಹೂಂ ಎಂದು, ನನ್ನ ಮರ್ಯಾದೆ ಕಾದು ಒಳಗೆ ಹೋಗಿದ್ದಳು. ಇಷ್ಟು ನಾಚಿಕೆಯನ್ನೂ ಇಷ್ಟು ಸಂತೋಷವನ್ನೂ ಒಂದೇ ಹೊಟ್ಟೆಯಲ್ಲಿ ನಾನು ಎಂದೂ ಇಟ್ಟುಕೊಂಡಿರಲಿಲ್ಲ. ಆನೆಯ ಬಾಲ ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದೆ. ಹಿಂದಿದ್ದ ಹೆಂಗಸಿಗೆ, "ಭಾಳ ಉಪಕಾರ ಆಯ್ತಮ್ಮ" ಎಂದೆ. ಅವಳ ಮುಖ ಹೋಳಿಗೆ ತಿಂದ ಹಾಗೇ ಇತ್ತು, ಕರಿಬಸಪ್ಪ ಸುಳ್ಳು ಹೇಳಿರಲಿಲ್ಲ.

ಪಕ್ಕದ ಗೇಟಿನಲ್ಲಿ ಕಾದೆ. ಮಂದಾ ಮೊಣಕಾಲಿನವರೆಗೆ ಬೂದು ಷರಾಯಿ, ಮೇಲೆ ಬಣ್ಣ ಬಿಡುವ ಬೂದು ಅಂಗಿ ತೊಟ್ಟೇ ಹೊರಗೆ ಬಂದಳು, ಕೂದಲು ಬೆವರಿಗೆ ಅಂಟಿತ್ತು. ನನ್ನನ್ನು ಕಂಡು, "ಹೋಗೋಣ್ವಾ" ಎಂದಳು. ಆ ದಿನವೂ ಬೇರೇನೂ ಕೇಳಲಿಲ್ಲ. ನಾವು ನಾಲ್ಕು ಹೆಜ್ಜೆ ನಡೆದೆವು.

"ಎಡಗಾಲು ತಡ ಆಗ್ತಿತ್ತು" ಎಂದೆ.

ಅವಳು ನಿಂತಳು. "ಯಾವ ಎಡಗಾಲು?"

"ಹಿಂದಿಂದು."

ನಾನು ಗಿರಾಕಿಗಳ ಕಣ್ಣು ನೋಡುವ ಹಾಗೆ ಅವಳು ನನ್ನ ಕಣ್ಣನ್ನು ಒಂದಾದ ಮೇಲೊಂದು ನೋಡಿದಳು.

"ಶುಕ್ರವಾರ ಹೇಳಿದ್ದು ಸುಳ್ಳಮ್ಮ" ಎಂದೆ.

"ಗೊತ್ತು."

"ಇವತ್ತು ನೋಡ್ದೆ."

"ಗೊತ್ತಾಯ್ತು" ಎಂದಳು. ಬೂದು ತೋಳಿನಿಂದ ಮುಖ ಒರೆಸಿಕೊಂಡಳು. ಬಣ್ಣವೆಲ್ಲ ಕೆನ್ನೆಗೆ ಹತ್ತಿತು. "ನನ್ ತಪ್ಪಲ್ಲಪ್ಪ. ಮುಂಗಾಲಿನೋನು ಓಡ್ತಾನೆ. ನಿಧಾನ ಹೋಗೋ ಅಂತ ಮೂರು ದಿನದಿಂದ ಅವನ ಬೆನ್ನಿಗೆ ಗುದ್ದಿ ಗುದ್ದಿ ಹೇಳಿದೀನಿ, ಕಿವೀನೇ ಇಲ್ಲ ಅವನಿಗೆ." ಅಳುತ್ತಲೇ ಶುರು ಮಾಡಿದಳು. ಮನೆ ಮುಟ್ಟುವವರೆಗೂ ಮುಂಗಾಲಿನವನನ್ನು ಬೈದಳು, ಮೊದಲ ದಿನ ಬಾಲ ಕಳಚಿ ಬಿದ್ದದ್ದು, ಎರಡನೇ ದಿನ ಸೀನು ಬಂದದ್ದು, ಎಲ್ಲ ಹೇಳಿದಳು. ನಾನು ಮೆಟ್ಟಿಸಿಕೊಂಡ ಕಾಲನ್ನು ಎಳೆಯುತ್ತಾ, ಅವಳಿಗಿಂತ ಅರ್ಧ ಹೆಜ್ಜೆ ಹಿಂದೆ ನಡೆದೆ.